ಫಾರ್ಮ್ಯಾಟ್ ಹೊಡೆಯುವ ಮುನ್ನ: ಕಂಪ್ಯೂಟರ್ ನೋಡಿಕೊಳ್ಳುವವರಿಗೊಂದು ಬಹಿರಂಗ ಪತ್ರ

ಹೊಸಪೇಟೆ, ಹಂಪಿ, ಕಮಲಾಪುರ, ಸಂಡೂರು ಮತ್ತು ಕಂಪ್ಲಿಯ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಸಹಕಾರ ಸಂಘ, ಅಕ್ಕಿ ಗಿರಣಿ, ವೇಬ್ರಿಡ್ಜ್, ಶಾಲಾ ಕಚೇರಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೂ, ಅವು ಕೆಟ್ಟಾಗ ಬಂದು ರಿಪೇರಿ ಮಾಡಿಕೊಡುವ ತಂತ್ರಜ್ಞ ಮಿತ್ರರಿಗೂ,



ಹಳೆಯ ಹಾರ್ಡ್ ಡಿಸ್ಕ್ ಕೈಕೊಟ್ಟಿತೆಂದೋ, ಜಾಗ ಸಾಲದೆಂದೋ ನೀವು ಹೊಸ ಡಿಸ್ಕ್ ಹಾಕಿಸುತ್ತೀರಿ. ಮೊದಲೇ ತೆಗೆದಿಟ್ಟಿದ್ದ ಬ್ಯಾಕಪ್ಪನ್ನು ಅದಕ್ಕೆ ಮರಳಿಸುತ್ತೀರಿ. ಕೆಲಸ ಪೂರ್ತಿಯಾಯಿತೆಂದು ಪರದೆಯೇ ಹೇಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದು ಸಾಲು, ಇಲ್ಲವೇ ನೀಲಿ ಪರದೆಯ ಮೇಲೆ ಅಳುಮೋರೆಯ ಗುರುತು. ಆ ಹೊತ್ತಿನಲ್ಲಿ ಅಂಗಡಿಯವರ ಬಾಯಿಂದಲೂ ರಿಪೇರಿಯವರ ಬಾಯಿಂದಲೂ ಹೊರಡುವುದು ಬಹುತೇಕ ಒಂದೇ ಮಾತು: ‘ಬ್ಯಾಕಪ್ಪೇ ಸರಿ ಇಲ್ಲ, ಫಾರ್ಮ್ಯಾಟ್ ಹೊಡೆದುಬಿಡೋಣ.’ ಈ ಪತ್ರ ಆ ಮಾತಿಗೆ ತಕರಾರು. ಮರಳಿಸಿದ ಮೇಲೆ ಯಂತ್ರ ಶುರುವಾಗದಿದ್ದರೆ ಹೆಚ್ಚಿನ ಸಲ ಕೆಟ್ಟಿರುವುದು ನಿಮ್ಮ ಕಡತಗಳಲ್ಲ. ಆ ಕಡತಗಳಿರುವ ಜಾಗಕ್ಕೆ ಯಂತ್ರವನ್ನು ಕರೆದೊಯ್ಯುವ ಚಿಕ್ಕ ಏರ್ಪಾಡು. ಆ ಏರ್ಪಾಡನ್ನು ಸರಿಪಡಿಸಬಹುದು. ಅಳಿಸಿಹೋದ ಕಡತವನ್ನು ಮರಳಿ ತರುವುದು ಬಲು ಕಷ್ಟ, ಎಷ್ಟೋ ಸಲ ಅಸಾಧ್ಯ. ಆದ್ದರಿಂದ ಸುಲಭದ್ದನ್ನು ಮೊದಲು ಮಾಡಿ, ಹಿಂದಿರುಗಲಾಗದ್ದನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದೇ ನನ್ನ ವಾದದ ತಿರುಳು.

ಗುಂಡಿ ಒತ್ತಿದಾಗ ಯಂತ್ರದೊಳಗೆ ಏನಾಗುತ್ತದೆಂಬುದನ್ನು ಗಮನಿಸಿದರೆ ಇದು ತಿಳಿಯುತ್ತದೆ. ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿರುವ ಬಯಾಸ್, ಈಚಿನ ಯಂತ್ರಗಳಲ್ಲಾದರೆ ಯುಇಎಫ್‌ಐ. ಅದಕ್ಕೆ ವಿಂಡೋಸ್ ಎಂದರೇನೆಂದು ಗೊತ್ತಿಲ್ಲ, ನಿಮ್ಮ ಟ್ಯಾಲಿ ಲೆಕ್ಕವಂತೂ ಗೊತ್ತೇ ಇಲ್ಲ. ಹಳೆಯ ಪದ್ಧತಿಯ ಯಂತ್ರವಾದರೆ ಅದು ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ ಅಲ್ಲಿಂದ ಮುಂದಿನ ದಾರಿ ತಿಳಿಯುತ್ತದೆ. ಹೊಸ ಪದ್ಧತಿಯದಾದರೆ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ನನ್ನು ಹುಡುಕಿ, ಅಲ್ಲಿರುವ ಬೂಟ್ ಮ್ಯಾನೇಜರನ್ನು ಎಬ್ಬಿಸುತ್ತದೆ. ಅದು ತನ್ನ ಬಳಿಯ ಬಿಸಿಡಿ ಎಂಬ ಪಟ್ಟಿಯನ್ನು ನೋಡಿ ವಿಂಡೋಸ್ ಯಾವ ಡಿಸ್ಕಿನ ಯಾವ ಭಾಗದಲ್ಲಿದೆಯೆಂದು ಹೇಳುತ್ತದೆ. ಇಷ್ಟೆಲ್ಲ ಇರುವ ಜಾಗ ಸಾಮಾನ್ಯವಾಗಿ ಕೆಲವು ನೂರು ಎಂಬಿ ಮೀರುವುದಿಲ್ಲ. ಮೈ ಕಂಪ್ಯೂಟರಿನಲ್ಲಿ ಅದು ಕಾಣಿಸುವುದೂ ಇಲ್ಲ. ಕಾಣದ ಕಾರಣಕ್ಕೆ ಬ್ಯಾಕಪ್ ತೆಗೆಯುವಾಗ ‘ಸಿ ಡ್ರೈವ್ ಸಾಕು’ ಎಂದುಕೊಂಡು ಅದನ್ನು ಬಿಟ್ಟುಬಿಡುತ್ತೇವೆ. ಆಮೇಲೆ ಸಿ ಡ್ರೈವ್ ಒಂದಕ್ಷರವೂ ಹಾಳಾಗದೆ ಹೊಸ ಡಿಸ್ಕಿಗೆ ಬಂದಿರುತ್ತದೆ, ಆದರೆ ಅಲ್ಲಿಗೆ ದಾರಿ ತೋರಿಸಬೇಕಾದದ್ದು ಹಳೆಯ ಡಿಸ್ಕಿನಲ್ಲೇ ಉಳಿದಿರುತ್ತದೆ.

ಇದಕ್ಕೆ ಲೋಕವೇ ಕಂಡ ಸಾಕ್ಷ್ಯವಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವೆಂದು ಮೈಕ್ರೊಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಡುವ ಪರಿಸ್ಥಿತಿ ಬಂತು. ಆ ಯಂತ್ರಗಳನ್ನು ಬದುಕಿಸಿದ್ದು ಫಾರ್ಮ್ಯಾಟ್ ಅಲ್ಲ. ಯಂತ್ರವನ್ನು ಸೇಫ್ ಮೋಡಿನಲ್ಲೋ ರಿಕವರಿ ಪರದೆಯಲ್ಲೋ ತೆರೆದು, ಆ ಒಂದು ಫೈಲನ್ನು ಅಳಿಸಿದರೆ ಸಾಕಿತ್ತು. ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ್ದ ಯಂತ್ರಗಳಿಗೆ ಮೊದಲು ಅದರ ಕೀ ಬೇಕಾಯಿತು, ಅಷ್ಟೇ. ಇಡೀ ಲೋಕ ಕಂಗಾಲಾದ ಆ ದಿನ ಯಂತ್ರಗಳೊಳಗಿನ ಕಡತಗಳೆಲ್ಲ ಇದ್ದಲ್ಲೇ ಇದ್ದವು. ಯಂತ್ರ ಶುರುವಾಗದಿರುವುದಕ್ಕೂ ಮಾಹಿತಿ ನಾಶವಾಗುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಅದಾಗಿ ಮೂರೇ ವಾರಕ್ಕೆ ನಮ್ಮೂರ ಬಾಗಿಲಲ್ಲೇ ಇಂಥದ್ದೇ ಪಾಠ ನಡೆಯಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕಟ್ಟೆ ಗಟ್ಟಿಯಾಗಿಯೇ ಇತ್ತು, ಹೋದದ್ದು ಒಂದು ಗೇಟು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಂತ್ರಜ್ಞರೂ ಕಾರ್ಮಿಕರೂ ಉಳಿದ ಗೇಟುಗಳಿಂದ ನೀರು ಬಿಟ್ಟು ಒತ್ತಡ ಇಳಿಸಿದರು, ಆಮೇಲೆ ಆ ಒಂದು ಕಿಂಡಿಗೆ ಹೊಂದುವ ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ, ಒಂದು ವಾರದೊಳಗೆ ಹರಿವು ತಡೆದರು. ಕಂಪ್ಯೂಟರ್ ವಿಷಯಕ್ಕೆ ಇಲ್ಲಿಂದ ಎರಡು ಸಂಗತಿಗಳನ್ನು ಎತ್ತಿಕೊಳ್ಳಬಹುದು. ಕೆಟ್ಟ ಭಾಗ ಯಾವುದೆಂದು ಗುರುತಿಸಿದರೆ ಉಳಿದದ್ದನ್ನೆಲ್ಲ ಕೆಡವಬೇಕಾಗಿಲ್ಲ ಎಂಬುದು ಒಂದು. ಬದಲಿ ಗೇಟು ಮೊದಲೇ ಸಿದ್ಧವಿದ್ದಿದ್ದರೆ ಅಷ್ಟು ನೀರು ಹೊಳೆಪಾಲಾಗುತ್ತಿರಲಿಲ್ಲ ಎಂಬುದು ಇನ್ನೊಂದು. ನಮ್ಮ ಅಂಗಡಿಗಳಲ್ಲಿ ರಿಕವರಿ ಪೆನ್‌ಡ್ರೈವ್ ಎಂಬ ಬದಲಿ ಗೇಟು ಎಷ್ಟು ಕಡೆ ಸಿದ್ಧವಿದೆಯೆಂದು ದಯವಿಟ್ಟು ಯೋಚಿಸಿ.

ಇನ್ನು, ಕೆಟ್ಟ ಭಾಗವನ್ನು ಗುರುತಿಸುವ ಕ್ರಮ. ಮೊದಲು ಪರದೆಯ ಮೇಲಿನ ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ‘ಆನ್ ಆಗ್ತಿಲ್ಲ’ ಎಂಬ ಒಂದೇ ಮಾತಿನೊಳಗೆ ಹತ್ತು ಬೇರೆ ಬೇರೆ ಕಾಯಿಲೆಗಳಿರುತ್ತವೆ, ಯಾವುದೆಂದು ಹೇಳುವುದು ಆ ಸಂದೇಶ. ಎರಡನೆಯದಾಗಿ, ಬ್ಯಾಕಪ್ ಇರುವ ಡಿಸ್ಕನ್ನೂ ಹಳೆಯ ಡಿಸ್ಕನ್ನೂ ಯಂತ್ರದಿಂದ ಬಿಚ್ಚಿ ಬದಿಗಿಡಿ. ಅವಸರದಲ್ಲಿ ತಪ್ಪು ಡಿಸ್ಕಿನ ಮೇಲೆ ಬರೆದುಬಿಡುವ ಅಪಾಯ ಇದರಿಂದ ತಪ್ಪುತ್ತದೆ. ಇನ್ನೊಂದು ಕಾರಣವೂ ಇದೆ. ಕ್ಲೋನ್ ಮಾಡಿದ ಡಿಸ್ಕಿಗೆ ಮೂಲ ಡಿಸ್ಕಿನ ಗುರುತುಸಂಖ್ಯೆಯೇ ಇರುತ್ತದೆ. ಎರಡನ್ನೂ ಒಟ್ಟಿಗೆ ಜೋಡಿಸಿದರೆ ವಿಂಡೋಸ್ ಗಲಿಬಿಲಿಗೊಂಡು ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಅದರ ಗುರುತನ್ನು ಬದಲಿಸಿ ಬೂಟ್ ಪಟ್ಟಿಯನ್ನು ಕೆಡಿಸುತ್ತದೆ. ಮೂರನೆಯದಾಗಿ, ಬಯಾಸ್ ಒಳಗೆ ಹೋಗಿ ಹೊಸ ಡಿಸ್ಕ್ ಅಲ್ಲಿ ಕಾಣುತ್ತದೆಯೇ ನೋಡಿ. ಅಲ್ಲೇ ಕಾಣದಿದ್ದರೆ ವಿಂಡೋಸನ್ನು ದೂರುವುದರಲ್ಲಿ ಅರ್ಥವಿಲ್ಲ. ಕೇಬಲ್ಲು, ಪವರ್ ಪಿನ್ನು, ಡಿಸ್ಕು ನೋಡಬೇಕು. ಅದಿರಿನ ಕೆಂಪು ಧೂಳು ಕಿಟಕಿ ದಾಟಿ ಬರುವ ಸಂಡೂರಿನ ಕಚೇರಿಗಳಲ್ಲಿ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದು, ಕನೆಕ್ಟರುಗಳನ್ನು ಬಿಚ್ಚಿ ಮತ್ತೆ ಕೂರಿಸುವುದೇ ಮೊದಲ ಚಿಕಿತ್ಸೆ.

ಡಿಸ್ಕ್ ಕಾಣುತ್ತಿದೆ, ಆದರೂ ಶುರುವಾಗುತ್ತಿಲ್ಲವೆಂದರೆ ಬಯಾಸಿನಲ್ಲಿರುವ ತಾರೀಖು ನೋಡಿ. ಅದು ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದೆಯೆಂದು ಅರ್ಥ. ಸಿಆರ್2032 ಎಂಬ ಈ ಬ್ಯಾಟರಿ ಸತ್ತ ಯಂತ್ರದಲ್ಲಿ ಕರೆಂಟು ಹೋದಾಗಲೆಲ್ಲ ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳಬಹುದು. ಆಗ ಬೂಟ್ ಕ್ರಮ ಬದಲಾಗಬಹುದು, ಲೆಗಸಿ ಎಂಬ ಹಳೆಯ ಬೂಟ್ ಪದ್ಧತಿ ಇದ್ದದ್ದು ಯುಇಎಫ್‌ಐ ಆಗಬಹುದು, ಡಿಸ್ಕ್ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್ ಆಗಬಹುದು. ಹಳೆಯ ಯಂತ್ರ ಯಾವ ಪದ್ಧತಿಯಲ್ಲಿ ನಡೆಯುತ್ತಿತ್ತೋ ಹೊಸದನ್ನೂ ಅದೇ ಪದ್ಧತಿಗೆ ತನ್ನಿ. ಲೆಗಸಿಯಲ್ಲಿ ತೆಗೆದ ಬ್ಯಾಕಪ್ಪನ್ನು ಯುಇಎಫ್‌ಐ ಯಂತ್ರಕ್ಕೆ ಹಾಗೇ ಹಾಕಿದರೆ ಅದು ಶುರುವಾಗುವುದಿಲ್ಲ, ಅದು ಬ್ಯಾಕಪ್ಪಿನ ತಪ್ಪಲ್ಲ. ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ ದಾರಿಯ ಮೊದಲರ್ಧ ಸರಿಯಿದೆ, ವಿಂಡೋಸ್ ಎದ್ದಿದೆ, ಆದರೆ ತನ್ನ ಡಿಸ್ಕನ್ನು ಓದಲು ಬೇಕಾದ ಡ್ರೈವರ್ ಅದಕ್ಕೆ ಸಿಗುತ್ತಿಲ್ಲ ಎಂದು ತಿಳಿಯಿರಿ. ಒಂದು ಯಂತ್ರದಲ್ಲಿ ತೆಗೆದ ಘೋಸ್ಟ್ ಇಮೇಜನ್ನು ಕಂಡಕಂಡ ಯಂತ್ರಗಳಿಗೆಲ್ಲ ಹೊಡೆಯುವ ಅಭ್ಯಾಸ ಇರುವ ಕಡೆ ಇದು ಹೆಚ್ಚು. ಎಎಚ್‌ಸಿಐ–ರೇಡ್ ಸೆಟ್ಟಿಂಗನ್ನು ಮೊದಲಿನಂತೆ ಮಾಡಿ, ಒಮ್ಮೆ ಸೇಫ್ ಮೋಡಿನಲ್ಲಿ ತೆರೆಯಲು ನೋಡಿದರೆ ಹಲವು ಸಲ ಇಷ್ಟಕ್ಕೇ ಬಗೆಹರಿಯುತ್ತದೆ.

ಇಷ್ಟಾದರೂ ಆಗದಿದ್ದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಯಂತ್ರ ತೆರೆದು ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್’ ಆಯ್ದುಕೊಳ್ಳಿ. ಸ್ಟಾರ್ಟಪ್ ರಿಪೇರ್ ತಾನೇ ಸರಿಪಡಿಸಬಹುದು. ಆಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಬೂಟ್ ಎಂಬ ಆದೇಶ ಬೂಟ್ ಕಡತಗಳನ್ನು ಹೊಸದಾಗಿ ಬರೆಯುತ್ತದೆ. ಇಲ್ಲಿ ಒಂದು ಎಚ್ಚರ ಬೇಕು: ರಿಕವರಿ ಪರದೆಯಲ್ಲಿ ಡ್ರೈವುಗಳ ಅಕ್ಷರ ಬದಲಾಗಿರಬಹುದು, ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ಡಿಸ್ಕ್‌ಪಾರ್ಟ್ ಎಂಬ ಆದೇಶದಿಂದ ಡ್ರೈವುಗಳ ಪಟ್ಟಿ ತೆಗೆದು, ವಿಂಡೋಸ್ ಎಂಬ ಫೋಲ್ಡರ್ ಎಲ್ಲಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ಆದೇಶ ಕೊಡಿ. ಬಿಟ್‌ಲಾಕರ್ ಕೀ ಕೇಳಿದರೆ ಅದು 48 ಅಂಕಿಗಳ ಸಂಖ್ಯೆ. ಮಾಲೀಕರ ಮೈಕ್ರೊಸಾಫ್ಟ್ ಖಾತೆಯಲ್ಲಿ ಇರುವ ಸಾಧ್ಯತೆ ಹೆಚ್ಚು. ಈಚಿನ ಲ್ಯಾಪ್‌ಟಾಪುಗಳಲ್ಲಿ ಆ ಖಾತೆಯಿಂದ ಮೊದಲ ಸಲ ಲಾಗಿನ್ ಆದಾಗಲೇ ಬೀಗ ತಾನಾಗಿ ಬಿದ್ದಿರುತ್ತದೆ, ಮಾಲೀಕರಿಗೆ ಅದರ ಸುಳಿವೂ ಇರುವುದಿಲ್ಲ. ಯಾವುದೂ ಫಲಿಸದಿದ್ದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರ ತೆರೆದು ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿ, ಬೇರೊಂದು ಕಂಪ್ಯೂಟರಿನಲ್ಲಿ ಅವು ತೆರೆಯುತ್ತವೆಯೇ ನೋಡಿ. ಅದಾದ ಮೇಲೆ ಫಾರ್ಮ್ಯಾಟ್ ಮಾಡಿ, ನನ್ನ ಅಡ್ಡಿಯಿಲ್ಲ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಈ ಯಾವ ಪ್ರಯೋಗವನ್ನೂ ಮಾಡದೆ ಕೂಡಲೇ ಆಫ್ ಮಾಡಿ, ಡೇಟಾ ರಿಕವರಿ ಬಲ್ಲವರಿಗೆ ಕೊಡಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ, ಫಾರ್ಮ್ಯಾಟ್ ಹೊಡೆದು ಓಎಸ್ ಹಾಕಿದರೆ ಒಂದೆರಡು ತಾಸಿನಲ್ಲಿ ಕೆಲಸ ಮುಗಿಯುತ್ತದೆ, ನೀವು ಹೇಳುವ ಕ್ರಮಕ್ಕೆ ಯಾರಿಗೆ ಪುರುಸೊತ್ತು ಎನ್ನುತ್ತೀರಿ. ಆ ಲೆಕ್ಕ ಅರ್ಧ ಮಾತ್ರ. ಎರಡು ತಾಸಿನಲ್ಲಿ ಬರುವುದು ಖಾಲಿ ವಿಂಡೋಸ್. ವೇಬ್ರಿಡ್ಜಿನ ಯಂತ್ರವಾದರೆ ತೂಕದ ಇಂಡಿಕೇಟರಿಗೆ ಜೋಡಿಸುವ ಪೋರ್ಟ್ ಸೆಟ್ಟಿಂಗು, ಅದರ ಹಳೆಯ ಸಾಫ್ಟ್‌ವೇರು, ಅದರ ಲೈಸೆನ್ಸ್ ಮತ್ತೆ ಬೇಕು. ಅದನ್ನು ಹಾಕಿಕೊಟ್ಟವರು ಈಗ ಎಲ್ಲಿದ್ದಾರೋ ಹುಡುಕಬೇಕು. ಗುತ್ತಿಗೆದಾರರ ಕಚೇರಿಯಾದರೆ ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್ ಬೇಕು. ಡಿಟಿಪಿ ಅಂಗಡಿಯಾದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬೇಕು, ಹಳೆಯ ಫಾಂಟುಗಳೂ ಬೇಕು. ಯೂನಿಕೋಡ್ ಅಲ್ಲದ ನುಡಿಯಲ್ಲಿ ಹೊಂದಿಸಿದ ಲಗ್ನಪತ್ರಿಕೆಯನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲೇ ಹಾಳಾಯಿತೆಂದು ಬಗೆದು ಅದನ್ನೂ ಅಳಿಸುವವರಿದ್ದಾರೆ. ಇದನ್ನೆಲ್ಲ ಕೂಡಿಸಿದರೆ ಎರಡು ತಾಸಿನ ಕೆಲಸ ಎರಡು ದಿನ ತಿನ್ನುತ್ತದೆ. ಬೂಟ್ ಸರಿಪಡಿಸಲು ಯತ್ನಿಸಿದರೆ ಹೋಗುವುದು ಅರ್ಧ ತಾಸು, ಫಲಿಸಿದರೆ ಎಲ್ಲವೂ ಇದ್ದಂತೆಯೇ ಇರುತ್ತದೆ.

ಎರಡನೆಯ ಆಕ್ಷೇಪ ಹಣದ್ದು: ಸಣ್ಣ ಅಂಗಡಿಯವರು ಎರಡನೆಯ ಡಿಸ್ಕ್ ಎಲ್ಲಿಂದ ತರುವುದು, ಬ್ಯಾಕಪ್ಪನ್ನು ಡಿ ಡ್ರೈವಿನಲ್ಲೇ ಇಟ್ಟರೆ ಆಗದೇ? ಆಗದು. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಇನ್‌ಸ್ಟಾಲ್ ಮಾಡುವಾಗ ತಿಳಿಯದೆ ಎಲ್ಲ ಪಾರ್ಟಿಷನ್ನುಗಳನ್ನೂ ಅಳಿಸಿದರೆ ಆಗಲೂ ಎರಡೂ ಒಟ್ಟಿಗೆ ಹೋಗುತ್ತವೆ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳಲು ಆಗುವ ಖರ್ಚನ್ನು, ಒಂದು ಮದುವೆಯ ಫೋಟೊಗಳೆಲ್ಲ ಹೋದರೆ ಸ್ಟುಡಿಯೊದವರು ಆ ಮನೆಯವರಿಗೆ ಹೇಳಬೇಕಾಗುವ ಉತ್ತರದ ಎದುರಿಗಿಟ್ಟು ತೂಗಿ. ಕ್ಲೋನ್‌ಝಿಲ್ಲಾದಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಇಡೀ ಡಿಸ್ಕನ್ನು ಆ ಪುಟ್ಟ ಪಾರ್ಟಿಷನ್ ಸಮೇತ ನಕಲಿಸುತ್ತದೆ.

ಮೂರನೆಯದು, ಈಗ ಎಲ್ಲವೂ ಆನ್‌ಲೈನ್ ಅಲ್ಲವೇ ಎಂಬ ಮಾತು. ಪಹಣಿ ‘ಭೂಮಿ’ ತಂತ್ರಾಂಶದಲ್ಲಿದೆ, ತೆರಿಗೆಯ ಲೆಕ್ಕ ಜಿಎಸ್‌ಟಿ ಪೋರ್ಟಲಿನಲ್ಲಿದೆ, 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನೂ ಒಂದೇ ತಂತ್ರಾಂಶಕ್ಕೆ ತರುವ ಯೋಜನೆಯನ್ನು 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ಇದು ನಿಜ, ಸ್ವಾಗತಾರ್ಹ ಕೂಡ. ಆದರೆ ಸಂಘದ ನಡಾವಳಿ, ಸ್ಕ್ಯಾನ್ ಮಾಡಿಟ್ಟ ಅರ್ಜಿಗಳು, ಗಿರಣಿಯ ಹಳೆಯ ವರ್ಷಗಳ ಖಾತೆ, ಶಾಲೆಯ ಪತ್ರವ್ಯವಹಾರ ಇವೆಲ್ಲ ಇಂದಿಗೂ ಮೇಜಿನ ಮೇಲಿನ ಪೆಟ್ಟಿಗೆಯಲ್ಲೇ ಇವೆ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಸಿಂಕ್ ಕೂಡ ಪೂರ್ಣ ರಕ್ಷಣೆಯಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯ ಅವಧಿ ಮುಗಿದರೆ ಮರಳಿ ಸಿಗದು. ಊರ ಭೂಗೋಳವನ್ನೂ ಮರೆಯಬೇಡಿ. ಹೊಳೆ ತುಂಬಿ ಬಂದರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ರಿಪೇರಿಯವರು ಆಚೆ ದಡದಲ್ಲಿದ್ದರೆ ಆ ದಿನ ನಿಮ್ಮ ಕೈಲಿರುವ ಪೆನ್‌ಡ್ರೈವೂ ಸೆಟ್ಟಿಂಗುಗಳನ್ನು ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿದ ಚೀಟಿಯೂ ಮಾತ್ರ ಆಸರೆ.

ಇಷ್ಟರಿಂದ ಹೊರಡುವ ತೀರ್ಮಾನ ಒಂದೇ: ಒಮ್ಮೆಯಾದರೂ ಮರಳಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನೆಚ್ಚಬಾರದು. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ಡೇಟಾಬೇಸ್ ಕೈತಪ್ಪಿ ಅಳಿಸಿಹೋದಾಗ ಅವರ ಬಳಿ ಐದು ಬಗೆಯ ನಕಲು ವ್ಯವಸ್ಥೆಗಳಿದ್ದವು, ಒಂದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲ. ಬೇರೆ ಉದ್ದೇಶಕ್ಕೆ ಸುಮಾರು ಆರು ತಾಸು ಮೊದಲು ತೆಗೆದಿದ್ದ ಒಂದು ನಕಲು ಅವರನ್ನು ಉಳಿಸಿತು. ಅವರು ಅದನ್ನು ಮುಚ್ಚಿಡದೆ ಲೋಕಕ್ಕೆ ಹೇಳಿದ್ದರಿಂದ ಎಲ್ಲರಿಗೂ ಉಪಕಾರವಾಯಿತು.

ಆದ್ದರಿಂದ ನನ್ನ ಕೋರಿಕೆಗಳು ಇವು. ಯಂತ್ರದ ಮಾಲೀಕರೇ, ಬ್ಯಾಕಪ್ಪನ್ನು ಬೇರೆ ಡಿಸ್ಕಿನಲ್ಲಿ ತೆಗೆಯಿರಿ, ಸಿ ಡ್ರೈವ್ ಮಾತ್ರವಲ್ಲದೆ ಇಡೀ ಡಿಸ್ಕನ್ನು ತೆಗೆಯಿರಿ, ಕೆಲಸ ಮುಗಿದ ಮೇಲೆ ಡಿಸ್ಕನ್ನು ಬಿಚ್ಚಿ ಬೇರೆ ಜಾಗದಲ್ಲಿಡಿ. ಕ್ಯಾಬಿನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ: ಬೂಟ್ ಪದ್ಧತಿ ಲೆಗಸಿಯೋ ಯುಇಎಫ್‌ಐಯೋ, ಡಿಸ್ಕ್ ಮೋಡ್ ಯಾವುದು, ಬ್ಯಾಕಪ್ ತೆಗೆದ ತಂತ್ರಾಂಶ ಯಾವುದು. ಬಿಟ್‌ಲಾಕರ್ ಕೀಯನ್ನು ಮಾತ್ರ ಆ ಚೀಟಿಯಲ್ಲಿ ಬರೆಯದೆ ಮನೆಯ ಬೀರುವಿನಲ್ಲಿಡಿ. ತಂತ್ರಜ್ಞ ಮಿತ್ರರೇ, ಫಾರ್ಮ್ಯಾಟ್ ಮಾಡುವ ಮುನ್ನ ಮಾಲೀಕರನ್ನು ಕೂರಿಸಿಕೊಂಡು ಯಾವ ಕಡತಗಳು ಉಳಿದಿವೆ, ಯಾವುವು ಇಲ್ಲ ಎಂದು ತೆರೆದು ತೋರಿಸಿ ಒಪ್ಪಿಗೆ ಪಡೆಯಿರಿ. ಬೂಟ್ ಸರಿಪಡಿಸುವ ಕೆಲಸಕ್ಕೆ ಪ್ರತ್ಯೇಕ ಕೂಲಿ ಕೇಳಿ, ಅದು ನಿಮ್ಮ ವಿದ್ಯೆಯ ಬೆಲೆ, ಕೊಡುವವರು ಕೊಡುತ್ತಾರೆ. ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಅಳಿಸಬೇಡಿ. ಸಹಕಾರ ಸಂಘಗಳ ಆಡಳಿತ ಮಂಡಳಿಯವರೇ, ವರ್ಷಕ್ಕೊಮ್ಮೆ ಬ್ಯಾಕಪ್ಪನ್ನು ಬೇರೆ ಡಿಸ್ಕಿಗೆ ಮರಳಿಸಿ ಯಂತ್ರ ಶುರುವಾಯಿತೆಂದು ನಡಾವಳಿಯಲ್ಲಿ ಬರೆಸಿ.

ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ನ್ನೇ ಹೊರದೇಶಗಳಲ್ಲಿ ಬ್ಯಾಕಪ್ ದಿನವೆಂದು ಆಚರಿಸುತ್ತಾರೆ. ನಮಗೆ ಆ ದಿನ ಹೇಗೂ ಖಾತೆ ಮುಗಿಸುವ ಗಡಿಬಿಡಿ. ಆದ್ದರಿಂದ ಅದಕ್ಕೆ ಒಂದು ವಾರ ಮೊದಲೇ, ಕೆಲಸ ಕಡಿಮೆಯಿರುವ ಒಂದು ಮಧ್ಯಾಹ್ನ, ನಿಮ್ಮ ಬ್ಯಾಕಪ್ಪನ್ನು ಒಂದು ಖಾಲಿ ಡಿಸ್ಕಿಗೆ ಮರಳಿಸಿ ಯಂತ್ರ ಶುರು ಮಾಡಿ ನೋಡಿ. ಶುರುವಾದರೆ ನಿಶ್ಚಿಂತೆ. ಆಗದಿದ್ದರೆ, ಮೂಲ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅದು ತಿಳಿದಂತಾಯಿತು, ಸರಿಪಡಿಸಲು ಸಮಯವಿದೆ. ಇಷ್ಟನ್ನು ನಡೆಸಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಬರಹಗಾರ,
ಹೊಸಪೇಟೆ